ಹಳೆಯ ಗಾಡಿಗೆ ಎರಡೇ ಗತಿಯೆ?

ಅಪ್ಪ ತೀರಿಕೊಂಡ ಹದಿನಾಲ್ಕನೆಯ ದಿನ, ನೆಂಟರೆಲ್ಲ ಹೊರಟುಹೋದ ಮೇಲೆ, ಅಣ್ಣ ಮತ್ತು ನಾನು ಜಗಲಿಯಲ್ಲಿ ಕುಳಿತು ಮನೆಯ ಲೆಕ್ಕಪತ್ರಗಳನ್ನು ನೋಡುತ್ತಿದ್ದೆವು. ತೋಟ, ಬೆಟ್ಟ, ಸೊಸೈಟಿಯ ಸಾಲ ಎಲ್ಲಕ್ಕೂ ಒಂದೊಂದು ದಾರಿ ಕಂಡಿತು. ಉಳಿದದ್ದು ಕೊಟ್ಟಿಗೆಯ ಪಕ್ಕದ ಮಾಡಿನ ಕೆಳಗೆ ಹನ್ನೊಂದು ಮಳೆಗಾಲಗಳಿಂದ ನಿಂತೇ ಇದ್ದ ಪಿಕಪ್ ಗಾಡಿ. "ಗುಜರಿಯವನಿಗೆ ಹೇಳಿಬಿಡು, ಕಬ್ಬಿಣದ ತೂಕಕ್ಕೆ ಒಯ್ಯುತ್ತಾನೆ" ಎಂದ ಅಣ್ಣ. ಪದವಿ ಎರಡನೆಯ ವರ್ಷದಲ್ಲಿ ಓದುತ್ತಿರುವ ಅವನ ಮಗ ಒಪ್ಪಲಿಲ್ಲ. "ಅತ್ತೆ, ಇಂಥ ಗಾಡಿಗೆ ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಕೊಡುವವರಿದ್ದಾರೆ. ಬಣ್ಣ ಹೊಡೆದು ಮನೆ ಮುಂದೆ ನಿಲ್ಲಿಸಿಕೊಳ್ಳುತ್ತಾರೆ" ಎಂದ.

ಒಬ್ಬನ ಕಣ್ಣಿಗೆ ಗುಜರಿ, ಇನ್ನೊಬ್ಬನ ಕಣ್ಣಿಗೆ ಪ್ರದರ್ಶನದ ವಸ್ತು. ಅಪ್ಪ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಗೊಬ್ಬರ ಹೊರಿಸಿದ ಗಾಡಿಯನ್ನು ಮತ್ತೆ ಗೊಬ್ಬರ ಹೊರಲು ಹಚ್ಚಬಹುದೆಂದು ಆ ಹೊತ್ತು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಈ ಬರಹದಲ್ಲಿ ನಾನು ವಾದಿಸಹೊರಟಿರುವುದು ಆ ಮೂರನೆಯ ಗತಿಯ ಪರವಾಗಿ. ಆದರೆ ಹಳೆಯದನ್ನು ಉಳಿಸುವುದೆಲ್ಲ ತಾನಾಗಿಯೇ ಪರಿಸರಕ್ಕೆ ಹಿತವೆಂಬ ನಂಬಿಕೆ ನನ್ನಲ್ಲಿ ಈಗ ಇಲ್ಲ. ಅದನ್ನು ದುರಸ್ತಿಯ ಮೊದಲ ವಾರದಲ್ಲಿಯೇ ಕಳೆದುಕೊಂಡೆ. ಹೇಗೆಂಬುದನ್ನು ಮುಚ್ಚಿಡದೆ ಮುಂದೆ ಹೇಳುತ್ತೇನೆ.

ಗಾಡಿಯ ಪೂರ್ವೋತ್ತರ

ನಮ್ಮದು ಮಹೀಂದ್ರಾ ಎಫ್.ಸಿ. 150. ಅಮೆರಿಕದ ವಿಲ್ಲಿಸ್ ಕಂಪನಿ 1956ರ ಕೊನೆಯಲ್ಲಿ ಹೊರತಂದ ಈ ಮಾದರಿ 1965ರಲ್ಲಿ ನಮ್ಮ ದೇಶದ ರಸ್ತೆಗೂ ಬಂತು. ಜೀಪಿನದೇ ನಾಲ್ಕು ಸಿಲಿಂಡರಿನ 2.2 ಲೀಟರ್ ಪೆಟ್ರೋಲ್ ಎಂಜಿನ್, ಜೀಪಿನಂತೆಯೇ ನಾಲ್ಕೂ ಚಕ್ರಗಳಿಗೆ ಶಕ್ತಿ. ವ್ಯತ್ಯಾಸವೆಂದರೆ ಚಾಲಕ ಕುಳಿತುಕೊಳ್ಳುವುದು ಮುಂದಿನ ಚಕ್ರಗಳ ಮೇಲೆ. ಎಂಜಿನ್ ಅವನ ಮಗ್ಗುಲಿಗೆ, ಒಂದು ತಗಡಿನ ಮುಚ್ಚಳದ ಕೆಳಗೆ ಇರುತ್ತದೆ. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಬರೀ ಆರೂಮುಕ್ಕಾಲು ಅಡಿ. ಹಾಗಾಗಿ ಎತ್ತಿನ ಗಾಡಿ ತಿರುಗುವ ತಿರುವಿನಲ್ಲಿ ಇದೂ ತಿರುಗುತ್ತದೆ. ಬಯಲುಸೀಮೆಯ ಹೆದ್ದಾರಿಯಲ್ಲಿ ವಿಚಿತ್ರವಾಗಿ ಕಾಣುವ ಈ ಮೊಂಡು ಮೂಗು ಬೆಟ್ಟದ ದಾರಿಗೆ ಹೇಳಿ ಮಾಡಿಸಿದಂತಿದೆ. ದೋಷವೂ ಇದೆ: ಭಾರವೆಲ್ಲ ಮುಂದೆ, ಖಾಲಿ ಇದ್ದಾಗ ಹಿಂಭಾಗ ಹಗುರ. ಇಳಿಜಾರಿನಲ್ಲಿ ಥಟ್ಟನೆ ಬ್ರೇಕ್ ಒತ್ತಿದರೆ ಮೂಗು ಕುಗ್ಗಿ, ಬೆನ್ನು ಎದ್ದಂತಾಗುತ್ತದೆ.

ಗಾಡಿಯ ನೋಂದಣಿ 1971ರದು. ಕಾಗದದಲ್ಲಿ ಮೈಸೂರು ರಾಜ್ಯ ಎಂದಿದೆ. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು ತಾನೆ. ಅಪ್ಪ ಇದನ್ನು ಕೊಂಡದ್ದು ಏಳೆಂಟು ವರ್ಷಗಳ ಬಳಿಕ, ಒಂದು ಕಾಫಿ ತೋಟದವರಿಂದ, ಎರಡನೆಯ ಕೈಯಾಗಿ. ಅಂದಿನಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಪ್ರತಿಯೊಂದು ಸವಾರಿಯನ್ನೂ ಬರೆದಿಟ್ಟಿದ್ದಾರೆ: ತಾರೀಖು, ಮೈಲಿ, ಪೆಟ್ರೋಲು, ಹೇರು. "ಸೊಪ್ಪು 1 ಗಾಡಿ." "ದರಕು 2 ಗಾಡಿ." "ಅಡಿಕೆ ಮಂಡಿಗೆ, ಶಿರಸಿ." "ಬಾಣಂತಿ, ಆಸ್ಪತ್ರೆಗೆ. ರಾತ್ರಿ." ಮತ್ತು ಪ್ರತಿ ಅಡಿಕೆ ಸುಗ್ಗಿಯಲ್ಲಿಯೂ ಸಾಲಾಗಿ, "ಬೇಯಿಸಲು ಕಟ್ಟಿಗೆ, ಬೆಟ್ಟದಿಂದ."

ಈ ಕಡೆಯ ಬಗೆಯ ನಮೂದುಗಳನ್ನು ಓದುವಾಗ ನನಗೆ ಇರುಸುಮುರುಸಾಯಿತು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಸಿಕ್ಕಿದ್ದು ಬಹಳ ಹಿಂದೆ. ಹೊರೆಯಾಗಿ ತಲೆಯ ಮೇಲೆ ತರುತ್ತಿದ್ದ ಕಾಲದಲ್ಲಿ ಬೆಟ್ಟದ ಆಚೆ ತುದಿ ದೂರವಿತ್ತು. ದೂರವಿದ್ದುದರಿಂದಲೇ ಅಲ್ಲಿ ಮರಗಳಿದ್ದವು. ಗಾಡಿ ಬಂದ ಮೇಲೆ ಬೆಟ್ಟ ಹತ್ತಿರವಾಯಿತು. 1983ರಲ್ಲಿ ಸಲ್ಕಣಿಯಲ್ಲಿ ಅಪ್ಪಿಕೋ ಆರಂಭವಾಗಿ ಸುತ್ತಿನ ಊರುಗಳ ಜನ ಮರವನ್ನು ಅಪ್ಪಿಕೊಂಡ ದಿನಗಳಲ್ಲಿ ನಮ್ಮ ಪಿಕಪ್ಪು ಕಟ್ಟಿಗೆ ಹೊರುತ್ತಲೇ ಇತ್ತು. ಕಾಡು ಕಡಿದವರನ್ನು ಕುರಿತು ಬರೆಯುವಾಗ ನಾವು ಸರಕಾರವನ್ನೂ ಕಂಪನಿಗಳನ್ನೂ ಹೆಸರಿಸುತ್ತೇವೆ. ನಮ್ಮ ಮನೆಯ ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆಯಬೇಕಾಗುತ್ತದೆ.

ತುಕ್ಕು ಹೇಳಿದ ಕಥೆ

ಪೇಟೆಯ ಹಿರಿಯ ಮೇಸ್ತ್ರಿಯೊಬ್ಬರು ಬಂದು ನೋಡಿದರು. ಎಪ್ಪತ್ತು ದಾಟಿದವರು, ಅಪ್ಪನ ಕಾಲದಿಂದ ಈ ಗಾಡಿಯ ಕೈಕಾಲು ಬಲ್ಲವರು. ಎಂಜಿನ್ನಿನ ಮುಚ್ಚಳ ತೆಗೆಯಲೂ ಇಲ್ಲ. ನೇರವಾಗಿ ಕೆಳಗೆ ಮಲಗಿ ಚಾಸಿಯನ್ನು ಸುತ್ತಿಗೆಯಿಂದ ಬಡಿಯುತ್ತ ಹೋದರು. ಗಟ್ಟಿ ಕಬ್ಬಿಣದ ದನಿಯೇ ಬೇರೆ, ತಿಂದುಹೋದ ಕಬ್ಬಿಣದ ದನಿಯೇ ಬೇರೆ. "ಅಮ್ಮಾ, ಎಲುಬು ಗಟ್ಟಿ ಇದೆ. ಚರ್ಮ ಹೋಗಿದೆ" ಎಂದರು.

ಹಿಂದಿನ ತೊಟ್ಟಿಯ ತಗಡು ಕೈಯಿಂದ ಮುರಿಯುವಷ್ಟು ಸಡಿಲವಾಗಿತ್ತು. ಮಲೆನಾಡಿನ ಮಳೆಗೆ ಕಬ್ಬಿಣ ತುಕ್ಕು ಹಿಡಿಯುವುದರಲ್ಲಿ ಸೋಜಿಗವೇನಿದೆ? ಆದರೆ ತುಕ್ಕಿನ ನಡುವೆ ಅಲ್ಲಲ್ಲಿ ತಾಮ್ರದ ಬಣ್ಣದ ತೆಳ್ಳನೆಯ ಹೊಪ್ಪಳೆಗಳು ಕಂಡವು. ಕೃಷಿ ವಿಜ್ಞಾನ ಓದಿದ್ದಕ್ಕೆ ಅಂದು ಪ್ರಯೋಜನವಾಯಿತು. ಅಪ್ಪ ಕೊಳೆರೋಗಕ್ಕೆ ಔಷಧಿ ಹೊಡೆಸುವಾಗ ಮೈಲುತುತ್ತ ಕರಗಿಸಿದ ಡ್ರಮ್ಮುಗಳನ್ನು ಇದೇ ತೊಟ್ಟಿಯಲ್ಲಿ ತೋಟಕ್ಕೆ ಸಾಗಿಸುತ್ತಿದ್ದರು. ತುಳುಕಿದ ದ್ರಾವಣ ಕಬ್ಬಿಣಕ್ಕೆ ತಗುಲಿದಾಗ ಕಬ್ಬಿಣ ಕರಗಿ ಹೋಗುತ್ತದೆ, ತಾಮ್ರ ಅದರ ಜಾಗದಲ್ಲಿ ಕೂರುತ್ತದೆ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ನಮ್ಮ ರೈತರು ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತಾರಲ್ಲ, ಅದೂ ಇದೇ ಕ್ರಿಯೆ. ಅಲಗಿನ ಮೇಲೆ ಕೆಂಪು ಲೇಪ ಬಂದರೆ ಸುಣ್ಣ ಸಾಲದು ಎಂದರ್ಥ. ನಮ್ಮ ಪಿಕಪ್ಪಿನ ತೊಟ್ಟಿ ಮೂವತ್ತು ವರ್ಷ ಅದ್ದಿಟ್ಟ ಕತ್ತಿಯಾಗಿತ್ತು.

ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಅಧ್ಯಯನವನ್ನು ಪ್ರಕಟಿಸಿದ್ದು 1910ರಲ್ಲಿ. ಅಲ್ಲಿಂದೀಚೆಗೆ ಶೇಕಡಾ ಒಂದರ ಬೋರ್ಡೋ, ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣ, ನಮ್ಮ ತೋಟಗಳನ್ನು ಕಾದಿದೆ. ಅದನ್ನು ಹಳಿಯಲಾರೆ. ಆದರೆ ತಾಮ್ರ ಕರಗಿ ಮಾಯವಾಗುವ ವಸ್ತುವಲ್ಲ. ಮಣ್ಣಿನ ಮೇಲ್ಪದರದ ಸಾವಯವ ಅಂಶಕ್ಕೆ ಅಂಟಿಕೊಂಡು ಅಲ್ಲಿಯೇ ಉಳಿಯುತ್ತದೆ. ತೊಟ್ಟಿಯಲ್ಲಿ ಕಣ್ಣಿಗೆ ಕಂಡದ್ದು ತೋಟದ ಮಣ್ಣಿನಲ್ಲಿ ಕಣ್ಣಿಗೆ ಕಾಣದಂತೆ ಕೂತಿದೆ. ಗಾಡಿಯೊಂದನ್ನು ಬಿಚ್ಚಿದರೆ ಒಂದು ಮನೆಯ ಕೃಷಿಯ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ ಎನ್ನುವುದು ಅಂದು ನನಗೆ ಮನದಟ್ಟಾಯಿತು.

ಬಸಿಗಾಲುವೆಯ ಮೇಲಿನ ಬಣ್ಣ

ಈಗ ನನ್ನ ತಪ್ಪಿನ ಮಾತು. ಎಂಜಿನ್ನಿನ ಮೇಲೆ ಬೆರಳು ದಪ್ಪದ ಜಿಡ್ಡು ಕೂತಿತ್ತು. ಒಂದು ಸಂಜೆ ನಾನೂ ಅಣ್ಣನ ಮಗನೂ ಸೀಮೆಎಣ್ಣೆ ಸುರಿದು, ಕುಂಚದಿಂದ ತಿಕ್ಕಿ, ಕೊಡಗಟ್ಟಲೆ ನೀರು ಹೊಯ್ದು ತೊಳೆದೆವು. ಕಬ್ಬಿಣದ ನಿಜವಾದ ಬಣ್ಣ ಕಂಡಿತೆಂದು ಹಿಗ್ಗಿದೆವು. ರಾತ್ರಿ ಮಳೆ ಬಂತು. ಬೆಳಗ್ಗೆ ಹುಡುಗ ತೋಟದ ಕಡೆಯಿಂದ ಓಡಿಬಂದು, "ಅತ್ತೆ, ಬಸಿಗಾಲುವೆಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ" ಎಂದ. ಹೋಗಿ ನೋಡಿದರೆ ಎಣ್ಣೆಯ ಪೊರೆ ಕಾಲುವೆಯುದ್ದಕ್ಕೂ ಹರಡಿ, ಕೆಳಗಿನವರ ಗದ್ದೆಯ ಕಡೆಗೆ ಸಾಗುತ್ತಿತ್ತು. ಕಾಲುವೆಯ ಅಂಚಿನ ಹುಲ್ಲಿನಲ್ಲಿ ಕಪ್ಪೆಯ ಮೊಟ್ಟೆಗಳ ಗೊಂಚಲುಗಳಿದ್ದವು. ಆ ಪೊರೆ ಅವುಗಳ ಸುತ್ತ ಸುತ್ತಿಕೊಂಡಿತ್ತು. ಒಣಹುಲ್ಲಿನ ಕಟ್ಟುಗಳನ್ನು ಅಡ್ಡ ಹಾಕಿ, ಗರಗಸದ ಹೊಟ್ಟು ಸುರಿದು ಹೀರಿಸಿದೆವು. ಸ್ವಲ್ಪ ಹಿಡಿಯಿತು, ಉಳಿದದ್ದು ಹೋಯಿತು. ಕೆಳಗಿನ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡೆ. ಅವರು ದೊಡ್ಡ ಮನಸ್ಸಿನವರು, ಏನೂ ಅನ್ನಲಿಲ್ಲ. ಆ ಮೌನವೇ ನನಗೆ ಸಾಕಾಯಿತು. ನೀರಿನ ಮಾಲಿನ್ಯದ ಮೇಲೆ ಶಾಲೆಗಳಲ್ಲಿ ಉಪನ್ಯಾಸ ಕೊಡುವ ನಾನು, ಬೆಟ್ಟದ ಮನೆಯ ಅಂಗಳದಲ್ಲಿ ಚೆಲ್ಲಿದ್ದೆಲ್ಲ ಕೆಳಗಿನವರ ಬಾವಿಗೆ ಹೋಗುತ್ತದೆಂಬ ಮೊದಲ ಪಾಠವನ್ನೇ ಮರೆತಿದ್ದೆ.

ಆ ಬಳಿಕ ಮಾಡಿನ ಕೆಳಗೆ ದಪ್ಪ ತಾಡಪಾಲು ಹಾಸಿ, ಅದರ ಮೇಲೆ ಹೊಟ್ಟು ಹರಡಿ ಕೆಲಸ ಮಾಡಿದೆವು. ತೆಗೆದ ಎಣ್ಣೆ, ನೆನೆದ ಹೊಟ್ಟು, ಜಿಡ್ಡಿನ ಬಟ್ಟೆ ಎಲ್ಲವನ್ನೂ ಮುಚ್ಚಳವಿರುವ ಡ್ರಮ್ಮಿನಲ್ಲಿ ಕೂಡಿಟ್ಟೆವು. ನಮ್ಮ ಕಡೆ ಹಳೆಯ ಎಂಜಿನ್ ಎಣ್ಣೆಯನ್ನು ಬೇಲಿಗೂಟಕ್ಕೆ ಗೆದ್ದಲು ಬಾರದಂತೆ ಬಳಿಯುವ, ದನದ ಮೈಯ ಉಣುಗಿಗೆ ಹಚ್ಚುವ ರೂಢಿಯಿದೆ. ದಯವಿಟ್ಟು ಇದನ್ನು ಬಿಡಿ. ಓಡಿದ ಎಣ್ಣೆಯಲ್ಲಿ ಸವೆದ ಲೋಹದ ಕಣಗಳೂ ಅರೆಸುಟ್ಟ ಇಂಧನದಿಂದ ಹುಟ್ಟಿದ, ಕ್ಯಾನ್ಸರ್ ತರಬಲ್ಲ ರಾಸಾಯನಿಕಗಳೂ ಇರುತ್ತವೆ. 2016ರ ನಿಯಮಗಳ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಅನುಮತಿ ಪಡೆದವರು ಅದನ್ನು ಶುದ್ಧೀಕರಿಸಿ ಮರುಬಳಕೆಗೆ ತರುತ್ತಾರೆ. ಒಂದು ಮನೆಯ ನಾಲ್ಕು ಲೀಟರಿಗಾಗಿ ಯಾರೂ ಬೆಟ್ಟ ಹತ್ತಿ ಬರುವುದಿಲ್ಲ. ಆದರೆ ಊರಿನ ಎಲ್ಲ ಬೈಕು, ಜೀಪು, ಟಿಲ್ಲರುಗಳ ಎಣ್ಣೆ ಸೊಸೈಟಿಯ ಬಳಿ ಒಂದು ಡ್ರಮ್ಮಿನಲ್ಲಿ ಕೂಡಿದರೆ ಕೊಳ್ಳುವವರು ಬರುತ್ತಾರೆ.

ಇನ್ನೆರಡು ಎಚ್ಚರಿಕೆಗಳು. ಹಳೆಯ ಗಾಡಿಗಳ ಬ್ರೇಕ್ ಮತ್ತು ಕ್ಲಚ್ಚಿನ ಲೈನಿಂಗುಗಳಲ್ಲಿ ಕಲ್ನಾರು ಇರುತ್ತದೆ. ಡ್ರಮ್ ಬಿಚ್ಚಿದಾಗ ಒಳಗಿರುವ ಬೂದುಬಣ್ಣದ ಹುಡಿಯನ್ನು ಗಾಳಿಯಿಂದ ಊದಿ ತೆಗೆಯುವುದು ಗ್ಯಾರೇಜುಗಳಲ್ಲಿ ನಿತ್ಯದ ನೋಟ. ಆ ಹುಡಿ ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ರೋಗ ಕಾಣಿಸಿಕೊಳ್ಳುವುದು ದಶಕಗಳ ಬಳಿಕ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಬೇಕು. ಹಾಗೆಯೇ ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವ ಹೆಚ್ಚು. ಅದನ್ನು ಒಣಗಾಗಿ ಉಜ್ಜಬಾರದು, ನೀರು ಹಾಕಿ ಉಜ್ಜಬೇಕು. ಆ ಕೆಸರನ್ನು ಅಂಗಳಕ್ಕೆ ಚೆಲ್ಲಬಾರದು. ಮಕ್ಕಳನ್ನು ಹತ್ತಿರ ಬಿಡಬಾರದು.

ದುರಸ್ತಿ ಪುಣ್ಯದ ಕೆಲಸವೆಂದು ಹೇಳುವ ಮುನ್ನ ಇಷ್ಟನ್ನು ಹೇಳಲೇಬೇಕಿತ್ತು. ಹೊಲಸು ದುರಸ್ತಿಗಿಂತ ಶಿಸ್ತಾಗಿ ಗುಜರಿಗೆ ಕೊಡುವುದೇ ಮೇಲು.

ಮೊದಲು ನಿಲ್ಲಿಸುವುದು

ಅಣ್ಣನ ಮಗನಿಗೆ ಎಂಜಿನ್ ಚಾಲೂ ಆಗುವ ಸದ್ದು ಕೇಳುವ ಆತುರ. ಮೇಸ್ತ್ರಿ ಬಿಡಲಿಲ್ಲ. "ಓಡಿಸುವುದು ಆಮೇಲೆ, ತಮ್ಮಾ. ಮೊದಲು ನಿಲ್ಲಿಸುವುದನ್ನು ಸರಿಮಾಡೋಣ" ಎಂದರು. ಈ ಗಾಡಿಯ ಬ್ರೇಕಿಗೆ ಇರುವುದು ಒಂದೇ ಎಣ್ಣೆಯ ಜಾಡು. ಎಲ್ಲಿಯಾದರೂ ಒಂದು ಕೊಳವೆ ಸೋರಿದರೆ ನಾಲ್ಕೂ ಚಕ್ರಗಳ ಬ್ರೇಕ್ ಒಟ್ಟಿಗೆ ಹೋಗುತ್ತದೆ. ಮೇಲಾಗಿ ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಎಣ್ಣೆ ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುತ್ತ ಬ್ರೇಕ್ ಒತ್ತಿಯೇ ಇದ್ದರೆ ಬಿಸಿಗೆ ಎಣ್ಣೆ ಕುದಿದು ಆವಿಯಾಗಿ, ಪೆಡಲ್ ನೆಲಕ್ಕೆ ತಾಗುತ್ತದೆ. ಮಲೆನಾಡಿನ ತೇವದಲ್ಲಿ ಓಡುವ ಯಾವ ಗಾಡಿಗೇ ಆಗಲಿ, ಹೊಸದಕ್ಕೂ ಸೇರಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಎಣ್ಣೆ ಬದಲಿಸುವುದು ಜೀವ ಉಳಿಸುವ ಖರ್ಚು.

ಕೊಳವೆಗಳನ್ನು ಹೊಸದಾಗಿ ಹಾಕಿ, ಡ್ರಮ್ಮುಗಳನ್ನು ಲೇತಿನಲ್ಲಿ ಹದಗೊಳಿಸಿ, ಕಲ್ನಾರಿಲ್ಲದ ಲೈನಿಂಗ್ ಹಚ್ಚುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ತೊಟ್ಟಿಗೆ ಹೊಸ ತಗಡಿನ ಬದಲು ನಮ್ಮದೇ ಅಂಗಳದಲ್ಲಿ ಗಾಳಿಗೆ ಬಿದ್ದ ಹಲಸಿನ ಮರದ ಹಲಗೆ ಹಾಕಿದೆವು. ಎಂಜಿನ್ ಬಿಚ್ಚಿದಾಗ ಪಿಸ್ಟನ್ನಿನ ಉಂಗುರಗಳು ಹಿಡಿದುಕೊಂಡಿದ್ದವು, ಬೇರೆ ಹಾನಿಯಿರಲಿಲ್ಲ. ಪಾಯಿಂಟಿನ ಸಂದನ್ನು ಮೇಸ್ತ್ರಿ ಬೆಂಕಿಪೊಟ್ಟಣದ ರಟ್ಟನ್ನು ತೂರಿಸಿ ಹೊಂದಿಸಿದರು. ನಾನು ಮಾಪಕ ತಂದು ಅಳೆದೆ: ಅರ್ಧ ಮಿಲಿಮೀಟರ್, ಪುಸ್ತಕದಲ್ಲಿ ಹೇಳಿದಷ್ಟೇ. ಪ್ಲಗ್ಗಿನ ತಂತಿಗಳನ್ನು ಜೋಡಿಸುವ ಕೆಲಸ ಹುಡುಗನದು. 1-3-4-2ರ ಬದಲು ಒಂದರಿಂದ ನಾಲ್ಕರವರೆಗೆ ಸಾಲಾಗಿ ಕೊಟ್ಟಿದ್ದ. ಗಾಡಿ ಢಮಾರೆಂದು ಹೊಗೆಕೊಳವೆಯಲ್ಲಿ ಸಿಡಿಯಿತು, ಕೊಟ್ಟಿಗೆಯ ದನಗಳು ಕಣ್ಣಿ ಕಿತ್ತುಕೊಂಡವು. ತಂತಿ ಬದಲಿಸಿದ ಮೇಲೆ ಅದೇ ಎಂಜಿನ್ ಹನ್ನೊಂದು ವರ್ಷಗಳ ಮೌನ ಮುರಿದು, ಅಪ್ಪ ಇದ್ದಾಗಿನ ಅದೇ ಗುಡುಗುಡು ದನಿಯಲ್ಲಿ ಓಡಿತು. ಅಮ್ಮ ಒಳಗಿನಿಂದ ಬಾಗಿಲವರೆಗೆ ಬಂದು ನಿಂತರು. ಏನೂ ಹೇಳದೆ ಮತ್ತೆ ಒಳಗೆ ಹೋದರು.

ಇಂಧನದ ಸಂಗತಿ ಬೇರೆಯೇ. 2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಮಿಶ್ರಣ ಶೇಕಡಾ 20ನ್ನು ಮುಟ್ಟಿತು. ಹಳೆಯ ರಬ್ಬರಿನ ಕೊಳವೆಗಳನ್ನೂ ಪೆಟ್ರೋಲ್ ಪಂಪಿನ ಒಳಗಿನ ರಬ್ಬರ್ ಪರೆಯನ್ನೂ ಎಥನಾಲ್ ಊದಿಸಿ ಕೆಡಿಸುತ್ತದೆ. ಅದು ನೀರನ್ನೂ ಸೆಳೆಯುವುದರಿಂದ ಮಳೆಗಾಲದಲ್ಲಿ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ನೀರು ಬೇರೆಯಾಗಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಎಥನಾಲ್ ತಾಳುವ ರಬ್ಬರು ಹಾಕಿಸಿದೆವು. ಜೂನಿನಲ್ಲಿ ಗಾಡಿ ನಿಲ್ಲಿಸುವ ಮುನ್ನ ಟ್ಯಾಂಕ್ ಬರಿದು ಮಾಡುತ್ತೇವೆ. ಎಥನಾಲ್ ಹಸಿರು ಇಂಧನವೆಂಬ ಮಾತು ಕೇಳಿಬರುತ್ತದೆ. ಕಬ್ಬು, ಅಕ್ಕಿ, ಮೆಕ್ಕೆಜೋಳದಿಂದ ತೆಗೆಯುವ ಇಂಧನದ ಹಿಂದೆ ನೀರು, ಯೂರಿಯಾ, ಭೂಮಿ ಎಷ್ಟು ಹೋಯಿತೆಂದು ಕೇಳುವುದು ನನ್ನ ವೃತ್ತಿಯ ಕರ್ತವ್ಯ. ಅದು ಇನ್ನೊಂದು ಲೇಖನದ ವಿಷಯ.

ಲೆಕ್ಕ ಏನನ್ನುತ್ತದೆ?

ಗಾಡಿ ಓಡಿದ ದಿನವೇ ಅಣ್ಣನ ಮಗ ಕೇಳಿದ ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿತು. "ಅತ್ತೆ, ಪರಿಸರ ಎನ್ನುತ್ತೇವೆ. ಲೀಟರಿಗೆ ಏಳು ಕಿಲೋಮೀಟರ್ ಕೊಡುವ ಗಾಡಿ ಇಟ್ಟುಕೊಳ್ಳುವುದು ಸರಿಯೇ?" ಉತ್ತರಕ್ಕೆ ಭಾವನೆ ಸಾಲದು. ಕಾಗದ ತೆಗೆದು ಕುಳಿತೆವು.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಡೀಸೆಲ್ಲಿಗೆ ಸುಮಾರು 2.7 ಕಿಲೋ. ಅಪ್ಪನ ಪುಸ್ತಕದ ಕೊನೆಯ ವರ್ಷಗಳ ಪ್ರಕಾರ ಗಾಡಿಯ ಓಟ ವರ್ಷಕ್ಕೆ ಸುಮಾರು 1,000 ಕಿಲೋಮೀಟರ್. ಅಂದರೆ 143 ಲೀಟರ್, 330 ಕಿಲೋ ಹೊಗೆ. ಲೀಟರಿಗೆ 14 ಕಿಲೋಮೀಟರ್ ಕೊಡುವ ಹೊಸ ಡೀಸೆಲ್ ಪಿಕಪ್ ಅಷ್ಟೇ ದೂರಕ್ಕೆ ಬಿಡುವುದು 193 ಕಿಲೋ. ಉಳಿತಾಯ ವರ್ಷಕ್ಕೆ 137 ಕಿಲೋ. ಆದರೆ ಹೊಸ ಗಾಡಿ ಆಕಾಶದಿಂದ ಬೀಳುವುದಿಲ್ಲ. ಅದಿರು, ಉಕ್ಕು, ಅಲ್ಯುಮಿನಿಯಂ, ರಬ್ಬರು, ಸಾಗಣೆ ಎಲ್ಲ ಸೇರಿ ಅದರ ತಯಾರಿಕೆಗೆ 6 ಟನ್ ಎಂದು ಇಟ್ಟುಕೊಂಡೆವು. 137 ಕಿಲೋ ಲೆಕ್ಕದಲ್ಲಿ ಆ ಸಾಲ ತೀರಲು 44 ವರ್ಷ ಬೇಕು.

ಹುಡುಗ ಗೆದ್ದವನಂತೆ ನಕ್ಕ. ನಾನು ಕಾಗದ ಮಗುಚಿ ಇನ್ನೊಂದು ಲೆಕ್ಕ ಮಾಡಿಸಿದೆ. ಇದೇ ಗಾಡಿ ಬಾಡಿಗೆಗೆ ವರ್ಷಕ್ಕೆ 20,000 ಕಿಲೋಮೀಟರ್ ಓಡಿದರೆ? ಹಳೆಯದರ ಹೊಗೆ ಆರೂವರೆ ಟನ್ನಿಗೂ ಹೆಚ್ಚು, ಹೊಸದರದು 3.9 ಟನ್. ಈಗ ಹೊಸ ಗಾಡಿಯ ಸಾಲ ಎರಡು ವರ್ಷ ಚಿಲ್ಲರೆಯಲ್ಲಿ ತೀರಿತು. ಅಲ್ಲದೆ ಇಂಗಾಲವೊಂದೇ ಲೆಕ್ಕವಲ್ಲ. 2020ರ ಏಪ್ರಿಲ್‌ನಿಂದ ಮಾರಾಟವಾಗುವ ಬಿ.ಎಸ್. 6 ಗಾಡಿಗಳಿಗೆ ಹೊಗೆ ಶುದ್ಧಗೊಳಿಸುವ ಸಾಧನಗಳಿವೆ. ನಮ್ಮ ಕಾರ್ಬ್ಯುರೇಟರ್ ಗಾಡಿಗೆ ಅದಾವುದೂ ಇಲ್ಲ. ಜನಸಂದಣಿಯ ಪೇಟೆಯಲ್ಲಿ ಅದನ್ನು ನಿತ್ಯ ಓಡಿಸುವುದು ಅಲ್ಲಿನ ಮಕ್ಕಳ ಎದೆಗೆ ಮಾಡುವ ಅನ್ಯಾಯ.

ಆದ್ದರಿಂದ ಹಳೆಯ ಗಾಡಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಅದರ ವಯಸ್ಸು ಉತ್ತರ ಕೊಡಲಾರದು. ಎಷ್ಟು ಓಡುತ್ತದೆ, ಎಲ್ಲಿ ಓಡುತ್ತದೆ, ಏನು ಹೊರುತ್ತದೆ ಎಂಬುವು ಉತ್ತರ ಕೊಡುತ್ತವೆ. ಹೊಸ ಗಾಡಿಯ ಉಕ್ಕಿಗೂ ಎಲ್ಲೋ ಒಂದು ಬೆಟ್ಟ ಕರಗಿರುತ್ತದೆ. ಭದ್ರೆಯ ಮೂಲದಲ್ಲಿ ಕುದುರೆಮುಖದ ಗಣಿಗಾರಿಕೆ 2005ರ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನಿಂತಿತು. ಅದಕ್ಕಾಗಿ ಹೋರಾಡಿದ ನಾವು, ಕಬ್ಬಿಣವನ್ನು ಕಡಿಮೆ ಬಳಸುವ ಹೊಣೆಯಿಂದ ತಪ್ಪಿಸಿಕೊಂಡರೆ, ಗಣಿ ಸಂಡೂರಿಗೋ ಇನ್ನೊಬ್ಬರ ಬೆಟ್ಟಕ್ಕೋ ಹೋಗುತ್ತದೆ ಅಷ್ಟೆ.

ಕಾನೂನಿನ ಎರಡು ಕಣ್ಣು

2021ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳ ಗುಜರಿ ನೀತಿಯನ್ನು ಜಾರಿಗೆ ತಂದಿತು. ಕ್ಷಮತೆಯ ಪರೀಕ್ಷೆಯಲ್ಲಿ ಸೋತ ವಾಹನ ರಸ್ತೆಗೆ ಬರಬಾರದೆಂಬ ತತ್ತ್ವ ಸರಿಯಾದುದೇ. ಆದರೆ ಅದರ ಜೊತೆಗೆ ಬಂದ ಶುಲ್ಕ ನೋಡುವುದು ವಯಸ್ಸನ್ನು ಮಾತ್ರ. ಹದಿನೈದು ವರ್ಷ ದಾಟಿದ ಸ್ವಂತ ಕಾರು, ಜೀಪುಗಳ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ. ಇಪ್ಪತ್ತು ದಾಟಿದವಕ್ಕೆ 2025ರ ಆಗಸ್ಟಿನಲ್ಲಿ ಅದು 10,000 ಆಯಿತು. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡುವ ರೈತನಿಗೂ ಸಾವಿರಾರು ಕಿಲೋಮೀಟರ್ ಓಡುವ ವರ್ತಕನಿಗೂ ಒಂದೇ ದರ.

ಇನ್ನೊಂದೆಡೆ 2021ರ ಜುಲೈ ತಿದ್ದುಪಡಿ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಎಂಬ ಗೌರವ ಕೊಟ್ಟಿತು. ಮೂಲ ರೂಪದಲ್ಲಿಯೇ ಇರಬೇಕು. 20,000 ರೂಪಾಯಿ ಶುಲ್ಕಕ್ಕೆ ಹತ್ತು ವರ್ಷಗಳ ನೋಂದಣಿ. ಆದರೆ ರ‍್ಯಾಲಿ, ಪ್ರದರ್ಶನ, ಸಂಶೋಧನೆ, ಇಂಧನ ಮತ್ತು ರಿಪೇರಿಯಂಥ ಕಾರಣಗಳಿಗಷ್ಟೇ ರಸ್ತೆಗಿಳಿಯಬಹುದು. ದಿನನಿತ್ಯದ ಬಳಕೆ ಇಲ್ಲ. 1971ರ ನಮ್ಮ ಪಿಕಪ್ಪು ಮೆರವಣಿಗೆಯಲ್ಲಿ ಮಿಂಚಬಹುದು, ಒಂದು ಬುಟ್ಟಿ ಗೊಬ್ಬರ ಹೊರುವಂತಿಲ್ಲ ಎಂದಾಯಿತು. ಅಣ್ಣನೂ ಅವನ ಮಗನೂ ಜಗಲಿಯಲ್ಲಿ ಹೇಳಿದ ಎರಡು ಮಾತುಗಳನ್ನೇ ಕಾನೂನೂ ಹೇಳುತ್ತಿದೆ. ಹಳೆಯದು ಗುಜರಿ ಅಥವಾ ಆಭರಣ. ದುಡಿಯುವ ಹಳೆಯದಕ್ಕೆ ಅದರ ಬಳಿ ಹೆಸರಿಲ್ಲ.

ನಾನು ವಿಂಟೇಜ್ ದಾರಿ ಹಿಡಿಯಲಿಲ್ಲ. ಸ್ವಂತ ಬಳಕೆಯ ವಾಹನವೆಂದೇ ಮುಂದುವರಿಸಿ, ನಮೂನೆ 31ರಲ್ಲಿ ಹೆಸರು ಬದಲಾವಣೆ, ನಮೂನೆ 25ರಲ್ಲಿ ನವೀಕರಣ ಮಾಡಿಸಿಕೊಂಡೆ. ಓದುಗರಲ್ಲಿ ಯಾರ ಮನೆಯಲ್ಲಾದರೂ ತೀರಿಕೊಂಡ ಹಿರಿಯರ ಹೆಸರಿನಲ್ಲಿ ವಾಹನವಿದ್ದರೆ ನೆನಪಿಡಿ: ಮರಣವನ್ನು 30 ದಿನಗಳೊಳಗೆ ತಿಳಿಸಿ, ಮೂರು ತಿಂಗಳೊಳಗೆ ಹೆಸರು ಬದಲಾವಣೆಗೆ ಅರ್ಜಿ ಕೊಡಬೇಕು. ದುಃಖದಲ್ಲಿ ಇದನ್ನು ಮರೆತು ಆಮೇಲೆ ಅಲೆದವರು ನಮ್ಮ ಕಡೆ ಬಹಳ ಮಂದಿ.

ನನ್ನ ಬೇಡಿಕೆ ಸರಳ. ಶುಲ್ಕವೂ ನಿರ್ಬಂಧವೂ ಗಾಡಿ ಓಡುವ ದೂರವನ್ನೂ ಅದು ಬಿಡುವ ಹೊಗೆಯನ್ನೂ ಅಳೆದು ನಿಗದಿಯಾಗಲಿ. ವರ್ಷಕ್ಕೆ ಇಷ್ಟೇ ಕಿಲೋಮೀಟರ್, ಇಷ್ಟೇ ತಾಲ್ಲೂಕಿನೊಳಗೆ ಎಂಬ ಷರತ್ತಿನ ಮೇಲೆ ಕೃಷಿಯ ಹಳೆಯ ವಾಹನಗಳಿಗೆ ಒಂದು ಪ್ರತ್ಯೇಕ ವರ್ಗವಿರಲಿ. ಬ್ರೇಕ್ ಪರೀಕ್ಷೆ ಈಗಿನದಕ್ಕಿಂತ ಕಠಿಣವಾಗಲಿ, ಅದಕ್ಕೆ ನನ್ನ ತಕರಾರಿಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ತೆರೆದ ವ್ಯವಸ್ಥೆಯಲ್ಲಿ ವಾಹನಗಳೂ ಕೃಷಿ ಯಂತ್ರಗಳೂ ಸೇರಿವೆ. ಒಂದು ಕೈ ದುರಸ್ತಿ ಹಕ್ಕೆನ್ನುವಾಗ ಇನ್ನೊಂದು ಕೈ ದುರಸ್ತಿಯಾದ ಗಾಡಿಗೆ ದಂಡ ಹಾಕುವುದು ಹೊಂದುವುದಿಲ್ಲ.

ಕೈಯ ವಿದ್ಯೆ

ಗಾಡಿ ಸರಿಯಾದ ದಿನ ಮೇಸ್ತ್ರಿ ತಮ್ಮ ಪಾನಾಗಳನ್ನು ಒರೆಸಿ ಚೀಲಕ್ಕೆ ಹಾಕುತ್ತ, "ಇದು ನನ್ನ ಕೊನೆಯದು, ಅಮ್ಮಾ. ಮಕ್ಕಳು ಯಾರೂ ಕಲಿಯಲಿಲ್ಲ" ಎಂದರು. ಸುತ್ತಿಗೆಯ ದನಿಯಿಂದ ಕಬ್ಬಿಣದ ಆರೋಗ್ಯ ಹೇಳುವ, ರಟ್ಟಿನ ತುಂಡಿನಿಂದ ಅರ್ಧ ಮಿಲಿಮೀಟರ್ ಅಳೆಯುವ ಆ ವಿದ್ಯೆ ಯಾವ ಕಾಲೇಜಿನ ಪಠ್ಯದಲ್ಲಿಯೂ ಇಲ್ಲ. ನಾವು ನಾಟಿ ಭತ್ತದ ಬೀಜ ಸಂಗ್ರಹಿಸುತ್ತೇವೆ, ನಾಟಿ ವೈದ್ಯರ ಮದ್ದನ್ನು ದಾಖಲಿಸುತ್ತೇವೆ. ಈ ವಿದ್ಯೆಯೂ ಅಷ್ಟೇ ಬೆಲೆಯ ಬೀಜ. ಇದು ಅಳಿದರೆ, ಕೆಟ್ಟದ್ದನ್ನೆಲ್ಲ ಎಸೆದು ಹೊಸದನ್ನು ಕೊಳ್ಳುವುದೊಂದೇ ದಾರಿ ಉಳಿಯುತ್ತದೆ.

ಆದ್ದರಿಂದ ನಮ್ಮ ಬಳಗಕ್ಕೆ ಎರಡು ಸಲಹೆಗಳು. ತಿಂಗಳಿಗೊಂದು ಭಾನುವಾರ ಶಾಲೆಯ ಅಂಗಳದಲ್ಲಿ ದುರಸ್ತಿಯ ದಿನ ನಡೆಯಲಿ. ಪಂಪು, ಟಿಲ್ಲರು, ಸೈಕಲ್ಲು, ಮಿಕ್ಸರು ಏನೇ ಇರಲಿ, ಹಿರಿಯ ಮೇಸ್ತ್ರಿಗಳು ಕಲಿಸಲಿ, ವಿದ್ಯಾರ್ಥಿಗಳು ಕೈ ಮಸಿ ಮಾಡಿಕೊಳ್ಳಲಿ. ಕಲಿಸುವವರಿಗೆ ಕೂಲಿ ಸಿಗಲಿ. ಎರಡನೆಯದು, ಆ ದಿನವೇ ಹಳೆಯ ಎಣ್ಣೆಯ ಡ್ರಮ್ಮೂ ಅಲ್ಲಿರಲಿ.

ನಮ್ಮ ಗಾಡಿಗೆ ನಾವೇ ಕೆಲವು ನಿಯಮ ಹಾಕಿಕೊಂಡಿದ್ದೇವೆ. ವರ್ಷಕ್ಕೆ ಸಾವಿರದೈನೂರು ಕಿಲೋಮೀಟರ್ ಮೀರುವುದಿಲ್ಲ. ಕೇರಿಯ ನಾಲ್ಕು ಮನೆಗಳ ಗೊಬ್ಬರ, ಅಡಿಕೆ ಒಂದೇ ಸವಾರಿಯಲ್ಲಿ ಹೋಗುತ್ತದೆ. ಮೈಲುತುತ್ತದ ಡ್ರಮ್ಮು ತೊಟ್ಟಿಗೆ ಏರುವುದಿಲ್ಲ. ಬೆಟ್ಟದ ಹಸಿ ಕಟ್ಟಿಗೆಯನ್ನು ಇದು ಇನ್ನು ಹೊರುವುದಿಲ್ಲ. ಅಡಿಕೆ ಬೇಯಿಸಲು ತೋಟದಲ್ಲೇ ಬಿದ್ದ ಸೋಗೆ, ಹಾಳೆ, ಒಣಮರ ಸಾಕಾಗುವಂತೆ ಒಲೆಯನ್ನು ಬದಲಿಸಿಕೊಂಡಿದ್ದೇವೆ. ಮಿತಿ ಮೀರಿದ ವರ್ಷ ಗಾಡಿಯನ್ನು ಗುಜರಿಗೆ ಕೊಡಬೇಕೆಂದು ಅಣ್ಣನ ಮಗ ಹಟ ಹಿಡಿದಿದ್ದಾನೆ. ನಾನು ಒಪ್ಪಿ ಸಹಿ ಹಾಕಿದ್ದೇನೆ.

ಅಪ್ಪನ ಲೆಕ್ಕದ ಪುಸ್ತಕದಲ್ಲಿ ಇನ್ನೂ ಖಾಲಿ ಹಾಳೆಗಳಿದ್ದವು. ಕಳೆದ ಮಾಗಿಯಿಂದ ಅದರಲ್ಲಿ ಹುಡುಗನ ಕೈಬರಹ ಮುಂದುವರಿದಿದೆ. ಮೊದಲ ಸಾಲು: "ಗೊಬ್ಬರ 1 ಗಾಡಿ. 6 ಕಿ.ಮೀ. ಬ್ರೇಕ್ ಸರಿ ಇದೆ."